ಮುರುಗೋಡು ಮೀನಿನ ಮರಿಗಳನ್ನು ಮಳೆಗಾಲದಲ್ಲಿ ಬೆಚ್ಚಗಿಟ್ಟು ಸಾಕುವ ಕ್ರಮ

ಕೆರೆಕುಂಟೆಗಳಲ್ಲಿಯೂ ಗದ್ದೆಬದಿಯ ಕಾಲುವೆಗಳಲ್ಲಿಯೂ ವಾಸಿಸುತ್ತ, ನೀರು ಇಂಗಿ ಬರಿಯ ಕೆಸರು ಉಳಿದಾಗಲೂ ಜೀವ ಬಿಡದ ಮುರುಗೋಡು ಮೀನನ್ನು ಅರಿಯದ ಹಳ್ಳಿಗರು ವಿರಳ. ಚಪ್ಪಟೆಯಾದ ತಲೆ, ಬಾಯಿಯ ಸುತ್ತ ನಾಲ್ಕು ಜೊತೆ ಮೀಸೆ, ಹುರುಪೆಯಿಲ್ಲದ ನುಣುಪಾದ ಮೈ, ಇವು ಅದರ ಗುರುತುಗಳು. ಮೀನು ಸಾಕಣೆಯ ಬರಹಗಳಲ್ಲಿ ಇದಕ್ಕೆ ಮಾಗೂರು ಎಂಬ ಹೆಸರು ರೂಢಿಗೆ ಬಂದಿದೆ. ಕಿವಿರುಗಳ ಮೇಲ್ಗಡೆ ಗಿಡದ ಕವಲಿನಂತೆ ಹರಡಿಕೊಂಡಿರುವ ಒಂದು ವಿಶೇಷ ಅಂಗದ ಸಹಾಯದಿಂದ ಇದು ನೀರಿನ ಮೇಲ್ಮೈಗೆ ಬಂದು ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲದು. ಆದಕಾರಣ ಒದ್ದೆ ಗೋಣಿಯಲ್ಲಿ ಸುತ್ತಿ ಸಂತೆಗೆ ಒಯ್ದರೂ ಜೀವಂತವಾಗಿಯೇ ಮಾರಾಟವಾಗುತ್ತದೆ. ಜೀವಂತ ಮೀನಿಗೆ ಸತ್ತ ಮೀನಿಗಿಂತ ಹೆಚ್ಚು ಬೆಲೆ ಬರುವುದೆಂಬುದನ್ನು ವಿವರಿಸಬೇಕಾದುದಿಲ್ಲ.

ಇಂತಹ ಗಟ್ಟಿಜೀವಿಯಾದ ಮೀನು ಈಗ ಹೊಳೆಕೆರೆಗಳಲ್ಲಿ ದಿನೇ ದಿನೇ ಕಡಿಮೆಯಾಗುತ್ತಿರುವುದು ವಿಷಾದಕರ ಸಂಗತಿ. ಜಗತ್ತಿನ ಜೀವಸಂಕುಲಗಳ ಸ್ಥಿತಿಯನ್ನು ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆಯು 2010ರಲ್ಲಿಯೇ ಇದನ್ನು ಅಳಿವಿನಂಚಿನ ಜಾತಿಗಳ ಸಾಲಿಗೆ ಸೇರಿಸಿತು. ಕೆರೆಗಳ ಅಂಗಳ ಕಿರಿದಾದುದು, ಗದ್ದೆಗಳಿಗೆ ಬಳಸುವ ಕೀಟನಾಶಕಗಳು ನೀರಿಗೆ ಇಳಿಯುವುದು, ಮೊಟ್ಟೆಯಿಡುವ ಕಾಲದಲ್ಲಿಯೇ ತಾಯಿಮೀನುಗಳನ್ನು ಹಿಡಿಯುವುದು, ಇವೆಲ್ಲ ಅದಕ್ಕೆ ಕಾರಣಗಳು. ಆದುದರಿಂದ ಕುಂಟೆಯಲ್ಲಿ ಈ ಮೀನನ್ನು ಸಾಕಬೇಕೆಂದಿರುವವರು ಹೊಳೆಯಿಂದ ಮರಿ ತರುವ ಹಳೆಯ ಪದ್ಧತಿಯನ್ನು ಬಿಟ್ಟು, ಮನೆಯಲ್ಲಿಯೇ ಮರಿಗಳನ್ನು ಬೆಳೆಸಿಕೊಳ್ಳುವುದು ಎರಡು ರೀತಿಯಲ್ಲಿ ಲೇಸು.

ಇಲ್ಲಿ ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕಾಗಿದೆ. ಆಫ್ರಿಕಾ ಖಂಡದಿಂದ ಬಂದ ಇನ್ನೊಂದು ಜಾತಿಯ ಮೀಸೆಮೀನು ಬಹು ಬೇಗ ಬೆಳೆಯುತ್ತದೆಂಬ ಆಸೆಯಿಂದ ಕೆಲವರು ಅದನ್ನೇ ಮಾಗೂರು ಎಂಬ ಹೆಸರಿನಲ್ಲಿ ಮಾರುವುದುಂಟು. ಈ ಜಾತಿ ನಮ್ಮ ಕೆರೆಗಳ ಮೀನುಗಳನ್ನೂ ಕಪ್ಪೆಗಳನ್ನೂ ಕಬಳಿಸುವ ಹೊಟ್ಟೆಬಾಕ. ಇದರ ಸಾಕಣೆಯನ್ನು ಭಾರತ ಸರ್ಕಾರವು 2000ರಲ್ಲಿಯೇ ನಿಷೇಧಿಸಿದೆ. ಎಳೆಯ ಮರಿಗಳಾಗಿರುವಾಗ ಎರಡಕ್ಕೂ ಇರುವ ಭೇದವನ್ನು ಬರಿಗಣ್ಣಿನಿಂದ ತಿಳಿಯುವುದು ಬಲು ಕಷ್ಟ. ಆದುದರಿಂದ ಮೊಟ್ಟೆಯನ್ನಾಗಲಿ, ಹೊಸಮರಿಯನ್ನಾಗಲಿ, ತಾಯಿಮೀನನ್ನಾಗಲಿ ಸರ್ಕಾರದ ಮೀನು ಪಾಲನಾ ಕೇಂದ್ರದಿಂದ ಅಥವಾ ಅದು ಒಪ್ಪಿದ ಸಾಕಣೆಗಾರರಿಂದ ಮಾತ್ರವೇ ತರತಕ್ಕದ್ದು. ಕೆರೆಯನ್ನು ಗುತ್ತಿಗೆಗೆ ಕೊಡುವಾಗ ಊರಿನ ಮುಖ್ಯಸ್ಥರು ಈ ಒಂದು ಅಂಶವನ್ನು ಗುತ್ತಿಗೆದಾರನಿಂದ ಬರಹದಲ್ಲಿ ಪಡೆದುಕೊಂಡರೆ ಇಡೀ ಊರಿಗೆ ಉಪಕಾರವಾದೀತು. ಒಮ್ಮೆ ಕೆರೆಗೆ ಇಳಿದ ಮೇಲೆ ಅದನ್ನು ಹೊರಗೆ ಹಾಕುವ ಉಪಾಯವಿಲ್ಲ.

ಬೆಚ್ಚಗಿಡುವುದರ ಅವಶ್ಯಕತೆ

ಮುರುಗೋಡು ಮೊಟ್ಟೆಯಿಡುವುದು ಮುಂಗಾರು ಮಳೆಯ ತಿಂಗಳುಗಳಲ್ಲಿ, ಅಂದರೆ ಸಾಧಾರಣವಾಗಿ ಜೂನ್‌ನಿಂದ ಆಗಸ್ಟಿನವರೆಗೆ. ಬಂಗಾಳ, ಒರಿಸ್ಸಾ ಮೊದಲಾದ ಕಡೆಗಳಲ್ಲಿ ಈ ಕಾಲದಲ್ಲಿ ಹಗಲುರಾತ್ರಿ ಸೆಖೆಯಿರುತ್ತದೆ. ಅಲ್ಲಿ ಮರಿಗಳಿಗೆ ಕಾವು ಕೊಡುವ ಪ್ರಸ್ತಾಪವೇ ಬಹುಮಟ್ಟಿಗೆ ಏಳುವುದಿಲ್ಲ. ನಮ್ಮ ಮೈಸೂರು ಪ್ರಸ್ಥಭೂಮಿಯಲ್ಲಾದರೋ ಸಂಗತಿ ಬೇರೆ. ಬೆಂಗಳೂರು, ಹಾಸನ, ಮಲೆನಾಡಿನ ಸೆರಗಿನ ತಾಲ್ಲೂಕುಗಳಲ್ಲಿ ಜುಲೈ ತಿಂಗಳ ರಾತ್ರಿಗಳಲ್ಲಿ ಗಾಳಿಯ ಉಷ್ಣತೆಯು ಸೆಂಟಿಗ್ರೇಡ್ ಮಾನದಲ್ಲಿ 19 ಅಥವಾ 20 ಡಿಗ್ರಿಗೆ ಇಳಿಯುತ್ತದೆ. ಮೋಡ ಮುಚ್ಚಿದ ದಿನಗಳಲ್ಲಿ ಹಗಲೂ ಹೆಚ್ಚು ಏರುವುದಿಲ್ಲ. ಮೊಟ್ಟೆಗಳಿಗೂ ಎಳೆಯ ಮರಿಗಳಿಗೂ ಹಿತವಾದುದು 27ರಿಂದ 30 ಡಿಗ್ರಿ. ಒಡೆದು ಹೇಳುವುದಾದರೆ, ಪ್ರಕೃತಿಯು ಮೀನಿಗೆ ಮೊಟ್ಟೆಯಿಡಲು ಗೊತ್ತುಮಾಡಿದ ಕಾಲವೂ ನಮ್ಮ ಎತ್ತರದ ಸೀಮೆಯ ಹವೆಯೂ ಒಂದಕ್ಕೊಂದು ಹೊಂದುವುದಿಲ್ಲ. ಕೆರೆಯಲ್ಲಿ ಆಳವಾದ ನೀರಿನ ರಾಶಿಯು ಹಗಲಿನ ಕಾವನ್ನು ರಾತ್ರಿಯಿಡೀ ಹಿಡಿದಿಡುತ್ತದೆ. ಮನೆಯಲ್ಲಿ ಅಂಗೈ ಆಳದ ಬೋಗುಣಿಯಲ್ಲಿಟ್ಟ ನೀರು ಎರಡೇ ಗಂಟೆಗಳಲ್ಲಿ ತಣ್ಣಗಾಗಿಬಿಡುತ್ತದೆ. ನಷ್ಟವೆಲ್ಲ ಆಗುವುದು ಇಲ್ಲಿಯೇ.

ಮೀನು ನಮ್ಮಂತೆ ಮೈಯಲ್ಲಿ ಸ್ವಂತ ಶಾಖವನ್ನು ಉಂಟುಮಾಡಿಕೊಳ್ಳುವ ಪ್ರಾಣಿಯಲ್ಲ. ನೀರು ಎಷ್ಟು ಬೆಚ್ಚಗಿದೆಯೋ ಅದರ ಮೈಯೂ ಅಷ್ಟೇ. ನೀರು ತಣ್ಣಗಾದರೆ ಜೀರ್ಣಶಕ್ತಿ ಕುಂದುತ್ತದೆ, ತಿಂದುದು ಅರಗುವುದಿಲ್ಲ. ಉಳಿದ ಆಹಾರ ತಳದಲ್ಲಿ ಕೊಳೆತು ನೀರನ್ನು ಕೆಡಿಸುತ್ತದೆ. ರೋಗವನ್ನು ಎದುರಿಸುವ ಶಕ್ತಿಯೂ ಕುಗ್ಗುತ್ತದೆ. ಸುಮಾರು 28 ಡಿಗ್ರಿಯಲ್ಲಿ ಮೊಟ್ಟೆಗಳು ಒಂದು ಹಗಲು ಒಂದು ರಾತ್ರಿಯಲ್ಲಿ, ಅಂದರೆ 24ರಿಂದ 26 ಗಂಟೆಗಳಲ್ಲಿ ಒಡೆಯುತ್ತವೆ. ತಂಪಿನಲ್ಲಿ ಅದು ತಡವಾಗುತ್ತದೆ. ತಡವಾದಷ್ಟೂ ಮೊಟ್ಟೆಗಳಿಗೆ ಬೂಷ್ಟು ಹಿಡಿಯುವ ಅವಕಾಶ ಹೆಚ್ಚು, ಡೊಂಕು ಬೆನ್ನಿನ ಮರಿಗಳೂ ಹೆಚ್ಚು.

ರೇಷ್ಮೆ ಸಾಕುವ ಸೀಮೆಯ ವಾಚಕರಿಗೆ ಇದನ್ನು ತಿಳಿಸುವುದು ಸುಲಭ. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಕಾವೂ ತುಂಬು ತೇವವೂ ಬೇಕೆಂದೂ, ಹಣ್ಣಾಗುವ ಮುನ್ನಿನ ಹುಳುವಿಗೆ ಅಷ್ಟು ಬೇಡವೆಂದೂ ಅವರು ಬಲ್ಲರು. ಮೀನಿನ ಮರಿಯ ಮೊದಲ ಎರಡು ಮೂರು ವಾರಗಳನ್ನು ಚಾಕಿಯ ಕಾಲವೆಂದೇ ಭಾವಿಸಬಹುದು. ಚಾಕಿ ಕೋಣೆ ಇರುವವರು ಬಿಡುವಿನ ಅವಧಿಯಲ್ಲಿ ಅದನ್ನೇ ಮರಿಮನೆಯಾಗಿ ಬಳಸಬಹುದೇ ಎಂದು ಹಲವರು ಕೇಳಿದ್ದಾರೆ. ಬಳಸಬಹುದು; ಆದರೆ ಹುಳು ಮನೆಯನ್ನು ಶುದ್ಧಿ ಮಾಡಲು ಬಳಸಿದ ಫಾರ್ಮಲಿನ್, ಬ್ಲೀಚಿಂಗ್ ಪುಡಿಗಳ ವಾಸನೆ ಪೂರ್ತಿ ಹೋಗುವವರೆಗೆ ಕೋಣೆಯನ್ನು ತೊಳೆದು ಗಾಳಿಗೆ ತೆರೆದಿಡತಕ್ಕದ್ದು. ಮೀನು ಬಿಟ್ಟ ಮೇಲೆ ಆ ಕೋಣೆಯಲ್ಲಿ ಸೊಳ್ಳೆಯ ಔಷಧವನ್ನು ಸಿಂಪಡಿಸುವುದಾಗಲಿ ಬತ್ತಿ ಹಚ್ಚುವುದಾಗಲಿ ಕೂಡದು.

ನೀರಿನೊಳಗೆ ನೀರು

ಒಂದು ಊರಿನಲ್ಲಿ ಜಮೀನುದಾರರೊಬ್ಬರು ಬಹಳ ಆಸ್ಥೆಯಿಂದ ಮರಿಮನೆ ಮಾಡಿದ್ದರು. ನಾನು ಸರ್ಕೀಟಿನಲ್ಲಿ ಅಲ್ಲಿಗೆ ಹೋಗುವ ಹೊತ್ತಿಗೆ ನಾಲ್ಕು ದಿನದ ಮರಿಗಳಲ್ಲಿ ಮುಕ್ಕಾಲು ಪಾಲು ತಳದಲ್ಲಿ ಬೆಳ್ಳಗೆ ಮಲಗಿದ್ದವು. ಕೋಣೆಯಲ್ಲಿ ದೀಪಗಳಿದ್ದವು, ಕಿಟಕಿಗೆ ಗೋಣಿ ಕಟ್ಟಿತ್ತು, ಗೋಡೆಯ ಉಷ್ಣಮಾಪಕವು 28 ಡಿಗ್ರಿ ತೋರಿಸುತ್ತಿತ್ತು. "ಕಾವಿಗೆ ಏನೂ ಕಡಿಮೆಯಾಗಲಿಲ್ಲವಲ್ಲ ಸ್ವಾಮಿ" ಎಂದು ಅವರು ವ್ಯಥೆಪಟ್ಟರು. ಉಷ್ಣಮಾಪಕವನ್ನು ಗೋಡೆಯಿಂದ ತೆಗೆದು ಬೋಗುಣಿಯ ನೀರಿನಲ್ಲಿ ಅದ್ದಿದಾಗ ಅದು ನಿಧಾನವಾಗಿ ಇಳಿದು 23ರಲ್ಲಿ ನಿಂತಿತು. ಉಷ್ಣಮಾಪಕ ತಲೆಯೆತ್ತರದಲ್ಲಿತ್ತು, ಬೋಗುಣಿಗಳು ಕಲ್ಲು ಚಪ್ಪಡಿಯ ನೆಲದ ಮೇಲಿದ್ದವು. ಬಿಸಿಗಾಳಿ ಮೇಲೇರುತ್ತದೆ, ಕಲ್ಲುನೆಲ ತಳದಿಂದ ಕಾವನ್ನು ಹೀರುತ್ತದೆ, ತೆರೆದ ನೀರು ಆವಿಯಾಗುತ್ತ ತಾನೇ ತಣ್ಣಗಾಗುತ್ತದೆ, ಮಣ್ಣಿನ ಹೂಜಿಯ ನೀರಿನ ಹಾಗೆ. ಈ ಮೂರೂ ಸೇರಿ ಐದು ಡಿಗ್ರಿ ಕದ್ದಿದ್ದವು. ಅಂದಿನಿಂದ ನಾನು ಯಾವ ಮರಿಮನೆಗೆ ಹೋದರೂ ಮೊದಲು ನೋಡುವುದು ಉಷ್ಣಮಾಪಕ ಎಲ್ಲಿದೆ ಎಂಬುದನ್ನು. ಅದು ನೀರಿನಲ್ಲಿರಬೇಕು, ಮರಿಗಳು ಮಲಗುವ ಆಳದಲ್ಲಿರಬೇಕು, ಒಂದಕ್ಕಿಂತ ಎರಡಿದ್ದರೆ ಮೇಲು.

ಕೋಣೆಯನ್ನೆಲ್ಲ ಕಾಯಿಸುವುದಕ್ಕಿಂತ ನೀರಿಗೆ ನೀರಿನಿಂದಲೇ ಕಾವು ಕೊಡುವುದು ಖರ್ಚಿನಲ್ಲಿಯೂ ಕಡಿಮೆ, ಫಲದಲ್ಲಿಯೂ ಸ್ಥಿರ. ಅದರ ಏರ್ಪಾಡು ಹೀಗೆ. ಗಾಳಿ ನುಗ್ಗದ ಕೋಣೆಯಲ್ಲಿ ಇಟ್ಟಿಗೆಯಿಂದ ಎರಡು ಮೀಟರು ಉದ್ದ, ಒಂದೂವರೆ ಮೀಟರು ಅಗಲ, ಅರ್ಧ ಮೀಟರು ಎತ್ತರದ ತೊಟ್ಟಿಯನ್ನು ಕಟ್ಟಬೇಕು. ಗಾರೆ ಹಾಕಲು ಇಷ್ಟವಿಲ್ಲದವರು ಇಟ್ಟಿಗೆಯನ್ನು ಬರಿದೆ ಜೋಡಿಸಿ ಒಳಗೆ ದಪ್ಪ ಟಾರ್ಪಾಲಿನ್ನನ್ನು ಹಾಸಬಹುದು. ತೊಟ್ಟಿಯ ಕೆಳಗೆ ನೆಲದ ಮೇಲೆ ನಾಲ್ಕು ಬೆರಳು ದಪ್ಪ ಭತ್ತದ ಹೊಟ್ಟನ್ನೋ ಥರ್ಮೋಕೋಲ್ ಹಲಗೆಯನ್ನೋ ಹರಡಬೇಕು. ಹೊರಮೈಗೆ ಹುಲ್ಲು ತುಂಬಿದ ಗೋಣಿಗಳನ್ನು ಒತ್ತರಿಸಬೇಕು. ಈ ತೊಟ್ಟಿಗೆ ಸುಮಾರು ಒಂದೂವರೆ ಗೇಣು ಮೇಲಕ್ಕೆ ನೀರು ತುಂಬಿ, ಒಳಗೆ ಇಟ್ಟಿಗೆಗಳ ಪೀಠದ ಮೇಲೆ ಐದಾರು ಅಗಲ ಬಾಯಿಯ ಪ್ಲಾಸ್ಟಿಕ್ ಬೋಗುಣಿಗಳನ್ನು ಕೂರಿಸಿ, ಮರಿಗಳನ್ನು ಆ ಬೋಗುಣಿಗಳಲ್ಲಿ ಬಿಡಬೇಕು. ಹೊರಗಿನ ನೀರಿನ ಮಟ್ಟವು ಬೋಗುಣಿಯ ಒಳಗಿನ ನೀರಿಗಿಂತ ಒಂದು ಬೆರಳು ಕೆಳಗಿರಲಿ. ಮೇಲಿದ್ದರೆ ಬೋಗುಣಿ ತೇಲಿ ವಾಲಿಕೊಳ್ಳುತ್ತದೆ, ಮರಿಗಳೆಲ್ಲ ಹೊರತೊಟ್ಟಿಯ ಪಾಲಾಗುತ್ತವೆ. ಹೀಗೆ ಆಗಿರುವುದನ್ನು ಒಂದೆರಡು ಕಡೆ ಕಂಡಿದ್ದೇನೆ.

ಹೊರತೊಟ್ಟಿಯ ನೀರೂ ಬೋಗುಣಿಗಳ ನೀರೂ ಕೂಡಿ ಸುಮಾರು 1000 ಲೀಟರಾಗುತ್ತದೆ. ಇಷ್ಟು ದೊಡ್ಡ ರಾಶಿ ಒಮ್ಮೆ ಬೆಚ್ಚಗಾದರೆ ರಾತ್ರಿಯಲ್ಲಿ ಬಹಳ ನಿಧಾನವಾಗಿ ಇಳಿಯುತ್ತದೆ, ಕೆರೆಯ ಗುಣ ತೊಟ್ಟಿಗೆ ಬಂದಂತೆ. ಇಳಿದುದನ್ನು ಏರಿಸಲು ನಮ್ಮ ಮನೆಗಳ ಬಚ್ಚಲಿನ ಹಂಡೆಗಿಂತ ಉತ್ತಮವಾದ ಸಾಧನವಿಲ್ಲ. ಲೆಕ್ಕ ನೋಡಿರಿ. 1000 ಲೀಟರು ನೀರನ್ನು 2 ಡಿಗ್ರಿ ಮೇಲೇರಿಸಲು, 60 ಡಿಗ್ರಿಗೆ ಕಾದ ನೀರಾದರೆ ಸುಮಾರು 62 ಲೀಟರು ಸಾಕು. ಅಷ್ಟೇ ನೀರನ್ನು ತೊಟ್ಟಿಯಿಂದ ಮೊದಲು ತೆಗೆದು, ಬಿಸಿನೀರನ್ನು ಹೊರತೊಟ್ಟಿಯ ಒಂದು ಮೂಲೆಗೆ ಸಣ್ಣಗೆ ಬಿಡುತ್ತ ಕೋಲಿನಿಂದ ಕದಡಬೇಕು. ಮಾಳಿಗೆಯ ಮೇಲೆ ಸೌರಶಾಖದ ನೀರಿನ ಯಂತ್ರವುಳ್ಳವರಿಗೆ ಬಿಸಿಲಿದ್ದ ದಿನ ಸೌದೆಯೂ ಬೇಕಿಲ್ಲ. ಆದರೆ ಜಡಿಮಳೆಯ ವಾರದಲ್ಲಿ ಅದನ್ನೇ ನಂಬಿ ಕೂರಬಾರದು. ಬಿಸಿನೀರನ್ನು ಬೋಗುಣಿಗೇ ಸುರಿಯುವುದು ಎಷ್ಟು ಮಾತ್ರಕ್ಕೂ ಸಲ್ಲದು. ನೀರು ಬಿದ್ದ ಕಡೆಯ ಮರಿಗಳು ಬೆಂದುಹೋಗುತ್ತವೆ. ಉಳಿದವಕ್ಕೆ ಹಠಾತ್ತಾದ ಏರಿಕೆಯ ಪೆಟ್ಟು ತಗಲುತ್ತದೆ.

ಗುರಿ 28 ಡಿಗ್ರಿ ಇರಲಿ. 26ಕ್ಕೆ ಕೆಳಗೆ ಇಳಿಯದಂತೆಯೂ 31ಕ್ಕೆ ಮೇಲೇರದಂತೆಯೂ ನೋಡಿಕೊಂಡರೆ ಸಾಕು. ಹೀಗೆ ಹೇಳುವಾಗ ಒಂದು ಮಾತನ್ನು ಒತ್ತಿ ಹೇಳಬೇಕು: ಸ್ಥಿರವಾದ 26 ಡಿಗ್ರಿಯು 24ಕ್ಕೂ 31ಕ್ಕೂ ನಡುವೆ ತೂಗಾಡುವ ನೀರಿಗಿಂತ ಎಷ್ಟೋ ಮೇಲು. ರಾತ್ರಿ ಮೂರು ಗಂಟೆಗೆ ಎಚ್ಚರಗೊಂಡು ನೀರು 24ಕ್ಕೆ ಇಳಿದಿರುವುದನ್ನು ಕಂಡು ಗಾಬರಿಯಿಂದ ಅರ್ಧ ಗಂಟೆಯಲ್ಲಿ 29ಕ್ಕೆ ಏರಿಸುವವನು ಚಳಿಯಿಂದ ಸಾಯದಿದ್ದ ಮರಿಗಳನ್ನು ತನ್ನ ಕೈಯಾರೆ ಕೊಲ್ಲುತ್ತಾನೆ. ಗಂಟೆಗೆ ಒಂದು ಡಿಗ್ರಿಗಿಂತ ಹೆಚ್ಚು ಏರಿಸತಕ್ಕದ್ದಲ್ಲ.

ವಿದ್ಯುತ್ತಿನ ಕಾವುಗೋಲನ್ನು ಬಳಸಬಯಸುವವರು ಉಷ್ಣತೆಯನ್ನು ತಾನೇ ತಡೆಯುವ ಬಗೆಯದನ್ನು ಕೊಳ್ಳಬೇಕು. 100 ವಾಟಿನ ಒಂದು ಕೋಲು 100 ಲೀಟರು ನೀರನ್ನು, ಕಾವು ಎಲ್ಲಿಯೂ ಸೋರದಿದ್ದರೆ, ಒಂದು ಗಂಟೆಗೆ ಒಂದು ಡಿಗ್ರಿಗಿಂತ ತುಸು ಕಡಿಮೆ ಏರಿಸಬಲ್ಲದು. ಇದರ ಮೇಲೆ ಎಷ್ಟು ಕೋಲು ಬೇಕೆಂಬುದನ್ನು ಎಣಿಸಿಕೊಳ್ಳಬಹುದು. ಭೂಸಂಪರ್ಕವಿಲ್ಲದ ತಂತಿಯನ್ನು ತೊಟ್ಟಿಯ ಬಳಿ ತರಲೇಕೂಡದು. ನೀರಿಗೆ ಕೈಹಾಕುವ ಮುನ್ನ ಗುಂಡಿಯನ್ನು ಆರಿಸಬೇಕು. ಸ್ನಾನದ ನೀರು ಕಾಯಿಸುವ ಬರಿಯ ಸುರುಳಿಯನ್ನು ತೊಟ್ಟಿಗೆ ಇಳಿಬಿಡುವುದು ಅಪಾಯಕರ.

ಇದಕ್ಕಿಂತ ದೊಡ್ಡ ಅಪಾಯ ಇದ್ದಲಿನದು. ಹುಳು ಮನೆಯಲ್ಲಿ ಅಭ್ಯಾಸವಾಗಿದೆಯೆಂದು ಇದ್ದಲಿನ ಒಲೆಯನ್ನು ಕಿಟಕಿಬಾಗಿಲು ಮುಚ್ಚಿದ ಮರಿಮನೆಯೊಳಗೆ ಇಟ್ಟು, ಕಾವಲಿಗೆ ಆಳನ್ನೂ ಅಲ್ಲಿಯೇ ಮಲಗಿಸುವವರಿದ್ದಾರೆ. ಉರಿಯುವ ಇದ್ದಲಿನಿಂದ ಹೊರಡುವ ವಿಷವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಮಲಗಿದವನು ಏಳುವುದಿಲ್ಲ. ಮರಿ ಹೋದರೆ ಮುಂದಿನ ವರ್ಷ ತರಬಹುದು. ಬೆಂಕಿ ಯಾವಾಗಲೂ ಗೋಡೆಯ ಹೊರಗೇ ಇರಬೇಕು, ಬಿಸಿನೀರು ಮಾತ್ರ ಒಳಗೆ ಬರಬೇಕು. ಹಂಡೆಯ ಪದ್ಧತಿಯನ್ನು ನಾನು ಇಷ್ಟೊಂದು ಹೊಗಳುವುದಕ್ಕೆ ಇದೇ ಮುಖ್ಯ ಕಾರಣ.

ಉಸಿರು ಮತ್ತು ನೀರಿನ ಶುದ್ಧಿ

ಮುರುಗೋಡು ಗಾಳಿ ಕುಡಿಯುವ ಮೀನೆಂಬ ನಂಬಿಕೆಯಿಂದ ಮರಿಗಳಿಗೆ ಗಾಳಿಯ ಏರ್ಪಾಡನ್ನು ಮಾಡದೆ ಬಿಡುವುದು ಸಾಮಾನ್ಯವಾದ ತಪ್ಪು. ಮೇಲೆ ಹೇಳಿದ ಕವಲುಳ್ಳ ಅಂಗವು ಹುಟ್ಟಿನಿಂದಲೇ ಬಲಿತಿರುವುದಿಲ್ಲ. ಮರಿಗಳು ಮೇಲಕ್ಕೆ ಬಂದು ಗಾಳಿ ನುಂಗಲು ಕಲಿಯುವುದು ಸುಮಾರು ಹತ್ತು ಹನ್ನೆರಡು ದಿನಗಳಾದ ಮೇಲೆ. ಅಲ್ಲಿಯವರೆಗೆ ನೀರಿನಲ್ಲಿ ಕರಗಿದ ಆಮ್ಲಜನಕವೇ ಅವಕ್ಕೆ ಗತಿ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ: ಸಮುದ್ರಮಟ್ಟದಲ್ಲಿ 22 ಡಿಗ್ರಿಯ ನೀರು ಲೀಟರಿಗೆ 8.7 ಮಿಲಿಗ್ರಾಂನಷ್ಟನ್ನು ಹಿಡಿಯಬಲ್ಲದಾದರೆ 28 ಡಿಗ್ರಿಯದು 7.8 ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ನಮ್ಮ ಎತ್ತರದ ಸೀಮೆಯಲ್ಲಿ ಇನ್ನೂ ಕಡಿಮೆ. ಕಾವು ಕೊಡುವವನು ಗಾಳಿಯನ್ನೂ ಕೊಡಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ. ಗಾಜಿನ ತೊಟ್ಟಿಯ ಬಣ್ಣದ ಮೀನಿಗೆ ಬಳಸುವ ಸಣ್ಣ ಗಾಳಿಯಂತ್ರವೇ ಸಾಕು. ಗುಳ್ಳೆಗಳು ಮೆಲ್ಲಗೆ ಏಳಲಿ, ಎಳೆಮರಿಗಳನ್ನು ಉರುಳಾಡಿಸುವಷ್ಟು ಜೋರಾಗಿ ಬೇಡ. ಯಂತ್ರವನ್ನು ಕಿಟಕಿಯ ಹೊರಗಿಟ್ಟರೆ ರಾತ್ರಿಯ ತಣ್ಣನೆಯ ಗಾಳಿಯನ್ನೇ ನೀರಿಗೆ ಊದುತ್ತದೆಯಾದುದರಿಂದ ಅದು ಕೋಣೆಯೊಳಗೇ ಇರಬೇಕು. ವಿದ್ಯುತ್ತು ಹೋಗುವ ಊರುಗಳಲ್ಲಿ ಬ್ಯಾಟರಿಯಿಂದ ನಡೆಯುವ ಇನ್ನೊಂದನ್ನು ಕೈಗೆ ಸಿಗುವಂತೆ ಇಡುವುದು ಅವಶ್ಯಕ.

ಬೋಗುಣಿಯಲ್ಲಿ ನೀರು ಎಂಟರಿಂದ ಹತ್ತು ಸೆಂಟಿಮೀಟರಿಗಿಂತ ಹೆಚ್ಚು ಆಳವಿರಬಾರದು. ಗಾಳಿ ಕುಡಿಯಲು ಕಲಿಯುವ ಮರಿಗೆ ಮೇಲೇರುವ ದಾರಿ ಹತ್ತಿರವಿರಬೇಕು. ಅದೇ ಕಾರಣದಿಂದ, ಕಾವು ಉಳಿಸಲು ಮುಚ್ಚುವ ಹಲಗೆಯನ್ನಾಗಲಿ ಬಟ್ಟೆಯನ್ನಾಗಲಿ ನೀರಿಗೆ ತಾಗಿಸದೆ, ಎರಡು ಬೆರಳು ಗಾಳಿ ಆಡುವಂತೆ ಹೊದಿಸಬೇಕು. ಮರಿಗಳಿಗೆ ಕತ್ತಲೆಯೇ ಇಷ್ಟವಾದುದರಿಂದ ಹೊದಿಕೆಯಿಂದ ಎರಡು ಪ್ರಯೋಜನವಾಗುತ್ತದೆ. ಜಾಗದ ಲೆಕ್ಕಕ್ಕೆ ಬಂದರೆ, ಚದರ ಮೀಟರಿಗೆ 2000 ಹೊಸಮರಿಗಳಿಗೆ ಮೀರದಿರುವುದು ಹೊಸಬರಿಗೆ ಕ್ಷೇಮ.

ಕೊಳವೆಬಾವಿಯ ನೀರು ಮಳೆಗಾಲದ ರಾತ್ರಿಯ ಗಾಳಿಗಿಂತ ಬೆಚ್ಚಗಿರುವುದು ನಮಗೆ ಅನುಕೂಲವೇ ಸರಿ. ಆದರೆ ಆಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಅತ್ಯಲ್ಪ. ಕೆಲವೆಡೆ ಕಬ್ಬಿಣವೂ ಇರುತ್ತದೆ. ಅದನ್ನು ಎತ್ತರದಿಂದ ಸುರಿದು, ಒಂದು ದಿನ ಪಾತ್ರೆಯಲ್ಲಿ ನಿಲ್ಲಿಸಿ, ತಿಳಿಯಾದ ಮೇಲಿನ ನೀರನ್ನು ಮಾತ್ರ ಬಳಸಬೇಕು. ನಲ್ಲಿಯ ನೀರಾದರೆ ಅದರಲ್ಲಿರುವ ಕ್ಲೋರಿನ್ ಕಿವಿರುಗಳನ್ನು ಸುಡುತ್ತದೆ. ಅದನ್ನೂ ಒಂದು ದಿನ ತೆರೆದಿಟ್ಟು ಗಾಳಿ ಊದಿದ ಬಳಿಕವೇ ಉಪಯೋಗಿಸಬಹುದು. ಎರಡು ವಿಧದಲ್ಲಿಯೂ ನಾಳೆಯ ನೀರಿನ ಡ್ರಮ್ಮು ಇಂದೇ ಮರಿಮನೆಯೊಳಗೆ ಬಂದಿರಬೇಕು. ಹಾಗಾದರೆ ಬದಲಿಸುವ ನೀರಿಗೂ ಬೋಗುಣಿಯ ನೀರಿಗೂ ಕಾವಿನಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ.

ದಿನಕ್ಕೆರಡು ಬಾರಿ, ಆಹಾರ ಕೊಟ್ಟ ಒಂದೆರಡು ಗಂಟೆಯ ಮೇಲೆ, ಸಣ್ಣ ರಬ್ಬರು ನಳಿಕೆಯಿಂದ ತಳದ ಹೊಲಸನ್ನು ಹೀರಿ ತೆಗೆದು, ನೀರಿನ ನಾಲ್ಕನೆಯ ಅಥವಾ ಮೂರನೆಯ ಒಂದು ಪಾಲನ್ನು ಬದಲಿಸಬೇಕು. ಮರಿಗಳ ಮಲ, ಕೊಳೆತ ಆಹಾರಗಳಿಂದ ಅಮೋನಿಯಾ ಉಂಟಾಗುತ್ತದೆ. ಬೆಚ್ಚನೆಯ, ಕ್ಷಾರಗುಣದ ನೀರಿನಲ್ಲಿ ಅದರ ನಂಜು ಹೆಚ್ಚು. ಕ್ಷಾರಮಾನವು 7ರಿಂದ 8ಕ್ಕೆ ಏರಿದರೆ ಅಮೋನಿಯಾದಲ್ಲಿ ನಂಜಾಗಿರುವ ಭಾಗವು ಸುಮಾರು ಹತ್ತು ಪಟ್ಟಾಗುತ್ತದೆ. ಗಡುಸು ನೀರಿನ ಬಯಲುಸೀಮೆಯವರು ಇದನ್ನು ವಿಶೇಷವಾಗಿ ಲಕ್ಷ್ಯದಲ್ಲಿಡತಕ್ಕದ್ದು. ಸುಣ್ಣ ಬಳಿದ ಹೊಸ ಗಾರೆಯ ತೊಟ್ಟಿಯಲ್ಲಿ ನೇರವಾಗಿ ಮರಿ ಬಿಡುವವರು ಈ ಕಾರಣದಿಂದಲೇ ಕೆಡುತ್ತಾರೆ. ಹೊಸ ತೊಟ್ಟಿಗೆ ಎರಡು ವಾರ ನೀರು ತುಂಬಿ ಚೆಲ್ಲಿ, ಮತ್ತೆ ತುಂಬಿ ಚೆಲ್ಲಬೇಕು.

ಮೊಟ್ಟೆಯಿಂದ ಮೊದಲಾಗಿ

ಮೊಟ್ಟೆ ಪಡೆಯುವ ಕ್ರಮವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಪ್ರಚೋದಕ ಔಷಧವನ್ನು ಚುಚ್ಚಿ ಮೀನಿನಿಂದ ಮೊಟ್ಟೆಯಿಡಿಸುವ ವಿದ್ಯೆಯು ಭಾರತದಲ್ಲಿ 1957ರ ಜುಲೈ ತಿಂಗಳಲ್ಲಿ ಗೆಂಡೆ ಜಾತಿಯ ಮೀನುಗಳ ಮೇಲೆ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಎಂಬ ವಿದ್ವಾಂಸರಿಂದ ಸಿದ್ಧಿಸಿತು. ಮುರುಗೋಡಿಗೂ ಈಗ ಅದೇ ದಾರಿ. ಆದರೆ ಇದರಲ್ಲಿ ಗಂಡಿನಿಂದ ವೀರ್ಯವು ಹಿಂಡಿದರೆ ಬರುವುದಿಲ್ಲವಾದುದರಿಂದ ಅದನ್ನು ಕೊಯ್ದೇ ತೆಗೆಯಬೇಕಾಗುತ್ತದೆ. ಕೈಪಳಗಿದವರಿಂದ ಮಾತ್ರ ಆಗುವ ಕೆಲಸವಿದು. ಮೊದಲ ವರ್ಷ ಮೊಟ್ಟೆಯೊಡೆದ ಮರಿಗಳನ್ನೇ ಕೇಂದ್ರದಿಂದ ತಂದು ಸಾಕಿ ಅನುಭವ ಪಡೆಯುವುದು ಜಾಣತನ.

ಮೊಟ್ಟೆಗಳನ್ನೇ ತಂದವರು ಅವುಗಳನ್ನು ಒಂದರ ಮೇಲೊಂದು ರಾಶಿಯಾಗದಂತೆ ಒಂದೇ ಪದರವಾಗಿ ಹರಡಬೇಕು. ಅವು ಅಂಟಿನ ಮೊಟ್ಟೆಗಳು. ಒಳ್ಳೆಯ ಮೊಟ್ಟೆ ತಿಳಿಗಂದು ಬಣ್ಣವಾಗಿ ಹೊಳೆಯುತ್ತದೆ. ಕೆಟ್ಟುದು ಕೆಲವೇ ಗಂಟೆಗಳಲ್ಲಿ ಸುಣ್ಣದಂತೆ ಬೆಳ್ಳಗಾಗುತ್ತದೆ. ಬೆಳ್ಳಗಾದುದನ್ನು ಆಗಾಗ ನಳಿಕೆಯಿಂದ ಹೀರಿ ತೆಗೆಯದಿದ್ದರೆ ಅದರ ಮೇಲೆ ಹತ್ತಿಯಂತೆ ಬೆಳೆಯುವ ಬೂಷ್ಟು ನೆರೆಯ ಜೀವಂತ ಮೊಟ್ಟೆಗಳನ್ನೂ ಹಿಡಿಯುತ್ತದೆ. ನೀರು ಸದಾ ಮೆಲ್ಲನೆ ಹರಿಯುತ್ತಿರಬೇಕು.

ಹುಟ್ಟಿದ ಮರಿ ಅರ್ಧ ಸೆಂಟಿಮೀಟರಿನಷ್ಟಿದ್ದು, ಹೊಟ್ಟೆಯಡಿಯ ಹಳದಿಯ ಬುತ್ತಿಯನ್ನು ಉಣ್ಣುತ್ತ ಮೂರು ನಾಲ್ಕು ದಿನ ಮೂಲೆಗಳಲ್ಲಿ ಗುಂಪಾಗಿ ಬಿದ್ದಿರುತ್ತದೆ. ಆಗ ಅದಕ್ಕೆ ಏನನ್ನೂ ತಿನ್ನಿಸಲು ಹೋಗಬಾರದು. ಬುತ್ತಿ ತೀರುತ್ತ ಬಂದು ಮರಿಗಳು ಚದರಿ ಈಜತೊಡಗಿದ ಕೂಡಲೇ ಆಹಾರ ಸಿದ್ಧವಿರಬೇಕು. ಇಲ್ಲಿ ಒಂದು ದಿನ ತಪ್ಪಿದರೂ ಅವು ಚೇತರಿಸಿಕೊಳ್ಳುವುದಿಲ್ಲ. ಮೊದಲ ಆಹಾರ ಚಲಿಸುವ ಜೀವವೇ ಆಗಿರುವುದು ಒಳ್ಳೆಯದು. ಸಗಣಿ ಮತ್ತು ಕಡಲೆಕಾಯಿ ಹಿಂಡಿ ಹಾಕಿ ಹಸಿರುಗಟ್ಟಿಸಿದ ಬೇರೊಂದು ತೊಟ್ಟಿಯಲ್ಲಿ ನೀರುಚಿಗಟಗಳನ್ನು ಬೆಳೆಸಿ ತೆಳುಬಟ್ಟೆಯಿಂದ ಸೋಸಿ ಕೊಡಬಹುದು. ಡಬ್ಬಿಯಲ್ಲಿ ಬರುವ ಆರ್ಟೀಮಿಯಾ ಎಂಬ ಉಪ್ಪುನೀರಿನ ಹುಳುವಿನ ಮೊಟ್ಟೆಗಳನ್ನು ಲೀಟರಿಗೆ 25ರಿಂದ 30 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ ಗಾಳಿ ಊದುತ್ತ ಇಟ್ಟರೆ ಬೆಚ್ಚನೆಯ ಕೋಣೆಯಲ್ಲಿ ಒಂದು ದಿನದಲ್ಲಿ ಒಡೆಯುತ್ತವೆ. ಬೆಲೆ ಹೆಚ್ಚಾದರೂ ರೋಗದ ಭಯ ಕಡಿಮೆ. ಚರಂಡಿಯ ಕೆಂಪು ದಾರಹುಳುಗಳು ಅಗ್ಗವೇನೋ ಹೌದು, ಮರಿಗಳೂ ಆತುರದಿಂದ ತಿನ್ನುತ್ತವೆ. ಆದರೆ ಹರಿಯುವ ನೀರಿನಲ್ಲಿ ಒಂದೆರಡು ದಿನ ತೊಳೆಯದೆ ಅವನ್ನು ಕೊಡುವವನು ಚರಂಡಿಯನ್ನೇ ಮರಿಮನೆಗೆ ತಂದಂತೆ. ಒಂದು ವಾರದ ಮೇಲೆ ಕೋಳಿಮೊಟ್ಟೆಯನ್ನು ಹಾಲಿನ ಪುಡಿಯೊಡನೆ ಕದಡಿ ಆವಿಯಲ್ಲಿ ಬೇಯಿಸಿ ಜರಡಿಯಲ್ಲಿ ತಿಕ್ಕಿ ಕೊಡುತ್ತ ಬರಬಹುದು. ದಿನಕ್ಕೆ ನಾಲ್ಕೈದು ಬಾರಿ, ಸ್ವಲ್ಪ ಸ್ವಲ್ಪ. ಹೆಚ್ಚಿನ ಪಾಲು ಸಂಜೆಯ ಮೇಲೆ. ನೀರಿನ ಉಷ್ಣತೆ 25ಕ್ಕೆ ಇಳಿದ ದಿನ ಆಹಾರವನ್ನು ಅರ್ಧಕ್ಕೆ ಇಳಿಸಬೇಕು.

ಈ ಮೀನು ತನ್ನ ಒಡಹುಟ್ಟಿದವನ್ನೇ ತಿನ್ನುವ ಸ್ವಭಾವದ್ದು. ಎಲ್ಲವೂ ಒಂದೇ ದಿನ ಹುಟ್ಟಿದರೂ ಎರಡನೆಯ ವಾರಕ್ಕೆ ಕೆಲವು ಮುಂದಾಗುತ್ತವೆ. ಮುಂದಾದವು ಹಿಂದುಳಿದವನ್ನು ಬಾಲದಿಂದ ನುಂಗತೊಡಗುತ್ತವೆ. ಹೆಣ ಕಾಣದೆ ಮರಿಗಳ ಸಂಖ್ಯೆ ಮಾತ್ರ ಕಡಿಮೆಯಾಗುತ್ತಿದ್ದರೆ ಕಳ್ಳನನ್ನು ಹೊರಗೆ ಹುಡುಕಬೇಕಾಗಿಲ್ಲ. ವಾರಕ್ಕೊಮ್ಮೆ ಬೇರೆ ಬೇರೆ ಕಣ್ಣಿನ ಜರಡಿಗಳಿಂದ ಗಾತ್ರವಾರು ವಿಂಗಡಿಸಿ ಬೇರೆ ಬೋಗುಣಿಗಳಿಗೆ ಹಾಕುವುದೊಂದೇ ಇದಕ್ಕೆ ಮದ್ದು. ತಳದಲ್ಲಿ ಹೆಂಚಿನ ತುಂಡು, ಕೊಳವೆಯ ತುಂಡುಗಳನ್ನು ಇಟ್ಟರೆ ಅಡಗಲು ತಾವಾಗುತ್ತದೆ.

ರೋಗದ ಕುರುಹುಗಳು

ತಣ್ಣನೆಯ ರಾತ್ರಿಯೊಂದು ಕಳೆದ ಐದಾರು ದಿನಗಳಲ್ಲಿ ಮರಿಗಳ ಮೈಮೇಲೆ ಉಪ್ಪು ಚಿಮುಕಿಸಿದಂತೆ ಬಿಳಿಯ ಚುಕ್ಕೆಗಳು ಕಂಡು, ಅವು ತೊಟ್ಟಿಯ ಬದಿಗೆ ಮೈ ತಿಕ್ಕುತ್ತಿದ್ದರೆ ಅದು ಬಿಳಿಚುಕ್ಕೆ ರೋಗ. ಅದರ ಕ್ರಿಮಿ ಚರ್ಮದೊಳಗಿರುವಾಗ ಯಾವ ಔಷಧವೂ ತಾಗುವುದಿಲ್ಲ. ಬಲಿತು ಹೊರಬಿದ್ದು ನೂರಾರು ಮರಿಕ್ರಿಮಿಗಳಾಗಿ ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ಆದುದರಿಂದ ಒಂದು ದಿನದ ಚಿಕಿತ್ಸೆ ವ್ಯರ್ಥ. ನೀರನ್ನು ಗಂಟೆಗೊಂದು ಡಿಗ್ರಿಯಂತೆ 30ಕ್ಕೆ ಏರಿಸಿದರೆ ಕ್ರಿಮಿಯ ಜೀವನಚಕ್ರ ಬೇಗ ಸಾಗಿ ಬೇಗ ಹೊರಬೀಳುತ್ತದೆ. ಅದರೊಡನೆ ಲೀಟರಿಗೆ 2 ಗ್ರಾಂ ಹರಳುಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ಅರ್ಧ ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಬದಲಿಸುವ ನೀರಿಗೂ ಅದೇ ಪ್ರಮಾಣದಲ್ಲಿ ಹಾಕುತ್ತ, ಚುಕ್ಕೆಗಳು ಮಾಯವಾದ ಮೇಲೂ ಒಂದು ವಾರ ಮುಂದುವರಿಸಬೇಕು. ತಳವನ್ನು ದಿನವೂ ಹೀರಿ ತೆಗೆಯುವುದು ಉಪ್ಪಿಗಿಂತ ಕಡಿಮೆ ಮುಖ್ಯವಲ್ಲ.

ಕಾವು ಏರಿಸುವುದು ಎಲ್ಲ ರೋಗಕ್ಕೂ ಮದ್ದೆಂದು ತಿಳಿಯಬಾರದು. ಬೆನ್ನಿನ ಮೇಲೆ ಜೀನಿನ ಆಕಾರದ ಮಾಸಲು ಮಚ್ಚೆ, ಸವೆದ ರೆಕ್ಕೆಗಳು, ಬೆಳ್ಳಗಾದ ಬಾಯಂಚು ಕಂಡರೆ ಅದು ಸೂಕ್ಷ್ಮಾಣುಗಳಿಂದ ಬರುವ ಬೇರೆ ರೋಗ; ಬೆಚ್ಚನೆಯ, ಇಕ್ಕಟ್ಟಾದ, ಹೊಲಸು ನೀರಿನಲ್ಲಿ ಅದು ಉಲ್ಬಣಿಸುತ್ತದೆ. ಆಗ ಕಾವು ಏರಿಸಿದರೆ ಉರಿಯುವುದಕ್ಕೆ ತುಪ್ಪ ಸುರಿದಂತಾಗುತ್ತದೆ. ಮರಿಗಳನ್ನು ತೆಳುಮಾಡಿ, ನೀರನ್ನು ಶುದ್ಧಿಗೊಳಿಸಿ, ಮೀನುಗಾರಿಕೆಯ ಅಧಿಕಾರಿಗಳಿಗೆ ಕೂಡಲೇ ತಿಳಿಸತಕ್ಕದ್ದು. ಅಂಗಡಿಯವರು ಕೊಡುವ ಹಸಿರು ಬಣ್ಣದ ಮ್ಯಾಲಕೈಟ್ ಔಷಧವು ತಿನ್ನುವ ಮೀನಿಗೆ ಸಲ್ಲದು. ಕ್ಲೋರಂಫೆನಿಕಾಲ್, ನೈಟ್ರೋಫ್ಯೂರಾನ್ ಮೊದಲಾದವು ಆಹಾರದ ಮೀನಿನ ಸಾಕಣೆಯಲ್ಲಿ ನಿಷಿದ್ಧವಾಗಿವೆ.

ಕುಂಟೆಗೆ ಬಿಡುವಾಗ

ಹೀಗೆ ಒಂದು ತಿಂಗಳು ಕಾಪಾಡಿದ ಮರಿಗಳನ್ನು 28 ಡಿಗ್ರಿಯ ಬೋಗುಣಿಯಿಂದ 23 ಡಿಗ್ರಿಯ ಕುಂಟೆಗೆ ಬೆಳಗಿನ ಜಾವ ಸುರಿದು, ಮೂರನೆಯ ದಿನ ಹೆಣಗಳನ್ನು ಎಣಿಸಿದವರಿದ್ದಾರೆ. ಬಿಡುವುದಕ್ಕೆ ನಾಲ್ಕೈದು ದಿನ ಮೊದಲೇ ಹಂಡೆಯ ನೀರನ್ನು ನಿಲ್ಲಿಸಿ, ಹೊರತೊಟ್ಟಿಯ ನೀರು ದಿನಕ್ಕೆ ಒಂದು ಡಿಗ್ರಿಯಂತೆ ತಾನಾಗಿ ಇಳಿದು ಕುಂಟೆಯ ಮಟ್ಟಕ್ಕೆ ಸಮೀಪಿಸುವಂತೆ ಮಾಡಬೇಕು. ಹೊದಿಕೆಯ ಗೋಣಿಗಳನ್ನು ಒಂದೊಂದಾಗಿ ತೆಗೆಯುವುದರಿಂದಲೇ ಇದು ಸಾಧ್ಯವಾಗುತ್ತದೆ. ಬಿಡುವ ದಿನ, ಬಿಸಿಲಿದ್ದರೆ ಕುಂಟೆಯ ನೀರು ಬೆಚ್ಚಗಾಗಿರುವ ಇಳಿಹೊತ್ತಿನಲ್ಲಿ, ಮರಿಗಳಿರುವ ಚೀಲವನ್ನು ಅರ್ಧ ಗಂಟೆ ಕುಂಟೆಯ ನೀರಿನ ಮೇಲೆ ತೇಲಿಬಿಟ್ಟು, ಬಳಿಕ ಬಾಯಿ ಬಿಚ್ಚಿ ಕುಂಟೆಯ ನೀರನ್ನು ಸೇರುಸೇರಾಗಿ ಒಳಕ್ಕೆ ಬಿಡುತ್ತ, ಮರಿಗಳು ತಾವಾಗಿಯೇ ಹೊರಕ್ಕೆ ಈಜಿ ಹೋಗುವಂತೆ ಚೀಲವನ್ನು ವಾಲಿಸಿ ಹಿಡಿಯಬೇಕು. ಮೊದಲ ವಾರ ಅವನ್ನು ಕುಂಟೆಯ ಅಂಚಿನಲ್ಲಿ ನಾಲ್ಕು ಗೂಟಗಳಿಗೆ ಕಟ್ಟಿದ ಸಣ್ಣ ಕಣ್ಣಿನ ಬಲೆಯ ಗೂಡಿನಲ್ಲಿಟ್ಟರೆ ಹಾವು, ಕಪ್ಪೆ, ನೀರುಕಾಗೆಗಳ ಬಾಧೆ ತಪ್ಪುತ್ತದೆ. ಎಷ್ಟು ಉಳಿದವೆಂಬ ಲೆಕ್ಕವೂ ಕೈಯಲ್ಲಿರುತ್ತದೆ. ಗೂಡಿನ ಬಲೆಯ ಅಂಚು ನೀರಿನಿಂದ ಒಂದು ಮೊಳ ಮೇಲಿರಬೇಕು, ಮೇಲ್ಗಡೆಯೂ ಬಲೆಯ ಮುಚ್ಚಿಗೆ ಬೇಕು: ಮಳೆ ಬಿದ್ದ ರಾತ್ರಿ ಮುರುಗೋಡು ನೆಲದ ಮೇಲೆಯೂ ತೆವಳಿ ಹೋಗಬಲ್ಲದು.